ಬೋರ್ಡ್ ಇರಲಿ, ಚಿಪ್ ಬದಲಾಗಲಿ

ಗೇಮಿಂಗ್ ಪಿಸಿ ಮಾರಿ ಹೊಸದು ತಗೋ ಅಂತ ಮುಂಬೈ ಮಾಟುಂಗಾದ ಗೆಳೆಯರೆಲ್ಲ ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಒಳಗಿರುವುದು 2017ರ ರೈಜೆನ್ 5 1600 ಪ್ರೊಸೆಸರ್ ಚಿಪ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೆಂಬಲಿಸುವ ಚಿಪ್‌ಗಳ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ.

ಹಾಗಂತ ಇಡೀ ಪಿಸಿ ಬಿಸಾಡಬೇಕಾ? ಬೇಡ. ಬೋರ್ಡ್ ಹಾಗೇ ಇಟ್ಟು ಚಿಪ್ ಮಾತ್ರ ಬದಲಿಸಬಹುದು; ಚಿಪ್ ಕೂರುವ ಎಎಂ4 ಸಾಕೆಟ್‌ನ ಚೆಂದವೇ ಅದು. ನನ್ನ ಬಿ350 ಮದರ್‌ಬೋರ್ಡ್‌ಗೆ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಹೊಸ ಚಿಪ್ ರೈಜೆನ್ 5 5600 ಆರಾಮಾಗಿ ಕೂರುತ್ತದೆ. ಈಗಿರುವ ಡಿಡಿಆರ್4 ರ‍್ಯಾಮ್ ಹಾಗೇ ನಡೆಯುತ್ತದೆ. ಹೊಸ ಸಾಕೆಟ್ ಎಎಂ5ಗೆ ಹೋದರೆ ಬೋರ್ಡೂ ಹೊಸದು, ಡಿಡಿಆರ್5 ರ‍್ಯಾಮೂ ಹೊಸದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ್ದು ಗೊತ್ತಲ್ವಾ?

ನಿನ್ನೆ ಕ್ಯಾಬಿನೆಟ್ ಬಿಚ್ಚಿದೆ. ಮುಂಬೈ ಮಳೆಗಾಲದ ತೇವಕ್ಕೆ ಹಿಂಬದಿ ಸ್ಕ್ರೂಗಳು ತುಕ್ಕು ಹಿಡಿದಿವೆ. ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಒರೆಸಿ ಹೊಸದು ಹಚ್ಚಿದೆ, ಫ್ಯಾನ್ ಗದ್ದಲ ತಗ್ಗಿತು. ಇಷ್ಟು ವರ್ಷ ಜೊತೆಗಿದ್ದು, ಇನ್ನೂ ದುಡಿಯುವ ವಸ್ತುವನ್ನು ಸುಮ್ನೆ ಬಿಟ್ಟುಕೊಡಲು ನನಗೆ ಆಗುವುದಿಲ್ಲ.

ಕಾರ್ಡ್ ಮಾತ್ರ ಬದಲಿಸಲೇಬೇಕು. 1060ರಲ್ಲಿ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದಂತೆ ತೋರಿಸುವ ತಂತ್ರ) ಹಾರ್ಡ್‌ವೇರ್ ಇಲ್ಲ, ಅದಿಲ್ಲದೆ ಕೆಲವು ಹೊಸ ಗೇಮ್‌ಗಳು ಶುರುವೇ ಆಗುವುದಿಲ್ಲ. ಅದಕ್ಕೆ ಮುಂಚೆ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ತಾಕತ್ತು ನೋಡಬೇಕು.

ಶನಿವಾರ ಗ್ರಾಂಟ್ ರೋಡ್‌ನಲ್ಲಿ ಇಳಿದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡ್ ಸುತ್ತುತ್ತೇನೆ. ಮೊದಲು ಚಿಪ್, ಕಾರ್ಡ್ ಆಮೇಲೆ. ಯಾರು ಬರ್ತೀರಿ?