ಮಿರ್ಚಿಯ ತಪ್ಪಲ್ಲ

ನನಗಿರುವುದು ಅಲ್ಸರೇಟಿವ್ ಕೊಲೈಟಿಸ್ ಎಂದು ಖಚಿತವಾದಾಗ ಮಗಳಿಗೆ ಆರು ವರ್ಷ. ಅದಕ್ಕೂ ಹಿಂದಿನ ಎಂಟು ತಿಂಗಳನ್ನು, ಮಲದಲ್ಲಿ ಕಂಡ ರಕ್ತ ಮೂಲವ್ಯಾಧಿಯದೇ ಎಂದುಕೊಂಡು, ‘ಉಷ್ಣ ಆಗೇದ, ಮಜ್ಜಿಗಿ ಕುಡಿ’ ಎಂಬ ಅತ್ತೆಯವರ ಮಾತನ್ನೂ ಔಷಧಿ ಅಂಗಡಿಯ ಮುಲಾಮನ್ನೂ ನಂಬಿ ಕಳೆದಿದ್ದೆ. ಕೊನೆಗೆ ಹುಬ್ಬಳ್ಳಿಯಲ್ಲಿ ಕೊಲೊನೋಸ್ಕೋಪಿ ಮಾಡಿ, ಕರುಳಿನ ಚೂರನ್ನು ಬಯಾಪ್ಸಿಗೆ ಕಳಿಸಿದ ಮೇಲೆ ತಜ್ಞರು ಹೇಳಿದ್ದಿಷ್ಟು: ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತವೆದ್ದು ಹುಣ್ಣಾಗಿದೆ, ಔಷಧಿಯಿಂದ ಹತೋಟಿಯಲ್ಲಿರುತ್ತದೆ, ಆದರೆ ಪೂರ್ತಿ ಬಿಟ್ಟುಹೋಗುವ ಜಾತಿಯದಲ್ಲ.

ಕಾಯಿಲೆ ಕೆರಳಿದಾಗ ಹೊಟ್ಟೆನೋವಿಗಿಂತ ಹೆಚ್ಚು ಕಾಡುವುದು ಶೌಚದ ಅವಸರ. ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರು. ಚಿಗರಿ ಬಸ್ಸಿನಲ್ಲಿ ಕುಳಿತರೆ ಬೇರೆಯವರಿಗೆ ಸತ್ತೂರು, ರಾಯಾಪುರ, ನವನಗರ, ಉಣಕಲ್ಲ ಎಂಬ ಊರುಗಳು ಕಾಣುತ್ತವೆ, ನನಗೆ ಇಳಿದು ಓಡಬಹುದಾದ ಹೋಟೆಲು, ಪೆಟ್ರೋಲ್ ಬಂಕು, ಪರಿಚಯದವರ ಮನೆಗಳು ಕಾಣುತ್ತವೆ. ಮಗಳ ಶಾಲೆಯ ಸ್ನೇಹ ಸಮ್ಮೇಳನದ ದಿನ ಬೆಳಗಿನಿಂದ ಏನೂ ತಿನ್ನದೆ ಹೋದರೂ, ಅವಳ ಕೋಲಾಟ ಶುರುವಾಗುವ ಹೊತ್ತಿಗೆ ನಾನು ಎದ್ದು ಹೋಗಬೇಕಾಯಿತು. ಖಾಲಿ ಹೊಟ್ಟೆಯಿಂದ ಈ ಅವಸರ ತಪ್ಪುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅಂದು.

ಮೆಸಲಮೈನ್ ಗುಳಿಗೆಯೊಂದರಿಂದಲೇ ಹತೋಟಿಗೆ ಬಾರದಿದ್ದಾಗ ಸ್ಟೀರಾಯ್ಡ್ ಕೊಟ್ಟರು. ದಿನಕ್ಕೆ 40 ಮಿಲಿಗ್ರಾಂನಿಂದ ಆರಂಭಿಸಿ, ವಾರಕ್ಕೆ 5ರಂತೆ ಇಳಿಸಬೇಕು. ದೇಹ ತಾನಾಗಿ ತಯಾರಿಸುವ ಸ್ಟೀರಾಯ್ಡ್ ಅಷ್ಟರಲ್ಲಿ ಕುಗ್ಗಿರುವುದರಿಂದ ಒಮ್ಮೆಲೇ ನಿಲ್ಲಿಸುವಂತಿಲ್ಲ. ರಕ್ತ ನಿಂತಿತು, ಆದರೆ ಮುಖ ಉಬ್ಬಿತು, ರಾತ್ರಿ ಎರಡಕ್ಕೆ ಎಚ್ಚರವಾಗತೊಡಗಿತು, ಸಿಡುಕು ಮೂಗಿನ ತುದಿಗೆ ಬಂದು ಕುಳಿತಿತು. ಏಳರ ಮಗ್ಗಿ ತಪ್ಪಿದ್ದಕ್ಕೆ ಮಗಳನ್ನು ನಾನು ಬೈದ ರೀತಿಯನ್ನು ಇಲ್ಲಿ ಬರೆಯಲಾರೆ. ಔಷಧಿಯ ಚೀಟಿಯಲ್ಲಿ ಅದಕ್ಕೆ ‘ಮನಃಸ್ಥಿತಿಯ ಬದಲಾವಣೆ’ ಎಂಬ ಎರಡೇ ಪದಗಳಿದ್ದವು.

ಇಷ್ಟೆಲ್ಲ ಆಗುತ್ತಿದ್ದರೂ ಮಗಳಿಗೆ ನಾವು ಹೇಳಿದ್ದು ‘ಅವ್ವಗ ಸ್ವಲ್ಪ ಹೊಟ್ಟಿ ನೋವು’ ಎಂದಷ್ಟೇ. ಚಿಕ್ಕವಳು, ಹೆದರುತ್ತಾಳೆ ಎಂಬುದು ನಮ್ಮ ಲೆಕ್ಕ. ಅವಳು ಮಿರ್ಚಿ ಭಜಿ ತಿನ್ನುವುದನ್ನು ಬಿಟ್ಟು ಒಂದೂವರೆ ವರ್ಷವಾಗಿತ್ತು ಎಂಬುದು ಕೂಡ ನಮ್ಮ ಗಮನಕ್ಕೆ ಬಂದಿರಲಿಲ್ಲ. ಒಂದು ಸಂಜೆ ಓಣಿಯ ಬಂಡಿಯಿಂದ ಅಪ್ಪ ತಂದ ಪೊಟ್ಟಣವನ್ನು ಅವಳು ಆಚೆ ಸರಿಸಿದಾಗ ಕೇಳಿದೆ. ಬಹಳ ಹೊತ್ತಿನ ಮೇಲೆ ಹೇಳಿದಳು: ‘ನಾ ತಂದ ಮಿರ್ಚಿ ತಿಂದ ಮರುದಿನಾನ ಅಲ್ಲೇನವ್ವಾ, ನಿನ್ನ ದವಾಖಾನಿಗೆ ಸೇರಿಸಿದ್ದು?’

ಆ ರಾತ್ರಿಯೇ ಎಲ್ಲವನ್ನೂ ಹೇಳಿದೆ. ಖಾರದಿಂದ ಈ ಕಾಯಿಲೆ ಹುಟ್ಟುವುದಿಲ್ಲ, ಕೆರಳಿದ ಕರುಳಿಗೆ ಖಾರ ತ್ರಾಸು ಕೊಡಬಹುದು, ಅಷ್ಟೆ. ಅದಕ್ಕೇ ಆ ದಿನಗಳಲ್ಲಿ ನಾನು ರೊಟ್ಟಿ-ಬದನೆಕಾಯಿ ಬಿಟ್ಟು ಮೆತ್ತನ್ನ ಅನ್ನ ಉಣ್ಣುತ್ತೇನೆ ಎಂದೆ. ಮೈ ಕಾಯುವ ಶಕ್ತಿಯೇ ದಾರಿ ತಪ್ಪಿ ಕರುಳಿನ ಮೇಲೆ ಬೀಳುವುದನ್ನು, ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ ಎಂದು ವಿವರಿಸಿದೆ.

‘ಹಂಗಾದ್ರ ಗುಳಿಗಿ ನಾಯಿಗೋ, ನಿನಗೋ?’

ನಾಯಿಗೇ. ಈಗ ನುಂಗುತ್ತಿರುವ ಅಜಥಯೋಪ್ರಿನ್ ಆ ನಾಯಿಗೆ ಹಾಕಿದ ಸರಪಳಿ. ಅದು ಬಿಗಿಯಾದರೆ ಕಳ್ಳರಿಗೆ, ಅಂದರೆ ಸೋಂಕಿಗೆ, ಸಲೀಸು. ಆಗಾಗ ರಕ್ತ ಪರೀಕ್ಷೆ ಮಾಡಿಸುವುದು, ಅವಳಿಗೆ ನೆಗಡಿಯಾದಾಗ ಕೈ ತೊಳೆದು ಬಾ ಎನ್ನುವುದು ಅದಕ್ಕಾಗಿಯೇ. ‘ನನಗೂ ಬರತದೇನು?’ ಎಂದಳು. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಬರುವ ಸಂಭವ ತುಸು ಹೆಚ್ಚು, ಆದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ ಎಂದು ವೈದ್ಯರು ನನಗೆ ಹೇಳಿದ್ದನ್ನೇ ಹೇಳಿದೆ. ‘ಇಲ್ಲ’ ಎಂದುಬಿಡಲು ನಾಲಿಗೆ ತುರಿಸುತ್ತಿತ್ತು.

ಮೊನ್ನೆ ಶನಿವಾರ ಗಿರ್ಮಿಟ್ ಜೊತೆಗೆ ಮಿರ್ಚಿಯನ್ನೂ ಅವಳೇ ಕಟ್ಟಿಸಿಕೊಂಡು ಬಂದಳು. ಒಂದನ್ನು ಮುರಿದು, ಒಳಗಿನ ಮೆಣಸಿನಕಾಯಿಯನ್ನು ತೆಗೆದಿಟ್ಟು, ಹಿಟ್ಟಿನ ಭಾಗವನ್ನಷ್ಟೇ ನನ್ನ ತಟ್ಟೆಗೆ ಹಾಕಿದಳು. ಮೆಣಸಿನಕಾಯಿಯನ್ನು ಅವಳ ಅಪ್ಪ ತಿಂದರು.