ಹರಕೆಯಾಟದ ರಾತ್ರಿ

ಕುಂಬಳೆ ಸೀಮೆಯ ನಮ್ಮ ಊರುಗಳಲ್ಲಿ ಹರಕೆಯೆಂದರೆ ಹಣ್ಣುಕಾಯಿಯಷ್ಟೇ ಅಲ್ಲ, ಇಡೀ ಒಂದು ರಾತ್ರಿಯ ಯಕ್ಷಗಾನ ಬಯಲಾಟವೂ ಹೌದು. ಕಟೀಲು ದೇವಿಯ ದೇವಸ್ಥಾನದ ಮೇಳದ (ಯಕ್ಷಗಾನ ತಂಡದ) ಸೇವೆಯಾಟವಾದರೆ ಸರದಿಗಾಗಿ ವರ್ಷಗಟ್ಟಲೆ ಕಾಯಬೇಕು; ಹೇಳಿಕೊಂಡ ಸಂಕಟವೇ ಮರೆತುಹೋದ ಮೇಲೆ ಆಟದ ದಿನ ಬರುವುದುಂಟು. ನನ್ನ ಸಂಕಟ ಮಾತ್ರ ಮರೆತಿರಲಿಲ್ಲ. ತೋಟದ ಗಡಿಯ ವಿಚಾರದಲ್ಲಿ ದಾಯಾದಿಯೊಬ್ಬರೊಡನೆ ವ್ಯಾಜ್ಯವಿತ್ತು. ‘ಅವರಿಗೆ ಒಳ್ಳೆಯ ಬುದ್ಧಿ ಬರಲಿ’ ಎಂದು ಅಮ್ಮನವರ ಮುಂದೆ ಹೇಳಿಕೊಂಡಿದ್ದೆನಾದರೂ ಮನಸ್ಸಿನಲ್ಲಿದ್ದ ಮಾತು ಅಷ್ಟು ಸಾಧುವಾದುದಾಗಿರಲಿಲ್ಲ. ಪ್ರಸಂಗ ‘ಶ್ರೀದೇವಿ ಮಹಾತ್ಮೆ’ಯೇ ಆಗಬೇಕೆಂದು ಹಟ ಹಿಡಿದದ್ದೂ ಅದಕ್ಕೇ, ಮಹಿಷಾಸುರ ಯಾರೆಂಬುದನ್ನು ನಾನು ಮೊದಲೇ ನಿಶ್ಚಯಿಸಿಬಿಟ್ಟಿದ್ದೆ.

ತೆಂಕುತಿಟ್ಟಿನ, ಎಂದರೆ ಯಕ್ಷಗಾನದ ತೆಂಕಣ ಶೈಲಿಯ, ಮಹಿಷ ಬಣ್ಣ ಹಚ್ಚುವ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವವನಲ್ಲ. ದೂರದ ಗದ್ದೆಯ ಅಂಚಿನಿಂದ, ದೊಂದಿಗಳ ನಡುವೆ, ರಾಳದ ಹುಡಿ ಭುಗ್ಗೆಂದು ಉರಿಯುತ್ತಿರುವಾಗ ಆರ್ಭಟಿಸುತ್ತ, ಕುಳಿತ ಜನರನ್ನು ಸೀಳಿಕೊಂಡೇ ಬರುತ್ತಾನೆ. ಚಾಪೆಯಲ್ಲಿ ನಿದ್ದೆಹೋಗಿದ್ದ ಮಕ್ಕಳು ಎದ್ದು ಅತ್ತವು. (ಅಜ್ಜನ ಶಾಲಿನೊಳಗೆ ನಾನೂ ಒಂದು ಕಾಲದಲ್ಲಿ ಮುಖ ಹುದುಗಿಸಿದವನೇ.) ನನ್ನ ಪಕ್ಕದಿಂದಲೇ ಅವನು ಹಾದುಹೋದಾಗ ಮುಖದ ಮೇಲೆ ಮುಳ್ಳಿನಂತೆ ಇಟ್ಟ ಅಕ್ಕಿಹಿಟ್ಟಿನ ಚುಟ್ಟಿಗಳ ಸಾಲಿನ ನಡುವೆ ಬೆವರು ಇಳಿಯುತ್ತಿದ್ದುದು ಕಾಣಿಸಿತು.

ದೇವಿಯ ಮಹಿಮೆಯನ್ನು ಹೇಳುವ, ಮಾರ್ಕಂಡೇಯ ಪುರಾಣದೊಳಗಿನ ಸಪ್ತಶತಿಯ 13 ಅಧ್ಯಾಯಗಳನ್ನು ನವರಾತ್ರಿಯಲ್ಲಿ ಪಾರಾಯಣ ಮಾಡುವ ಕ್ರಮ ನಮ್ಮ ಮನೆಯಲ್ಲಿದೆ. ಸ್ವರ್ಗದಿಂದ ಹೊರದಬ್ಬಿಸಿಕೊಂಡ ದೇವತೆಗಳ ತೇಜಸ್ಸೆಲ್ಲ ಕೂಡಿ ಮೂಡಿದವಳು, ಶಿವನ ಶೂಲವನ್ನೂ ವಿಷ್ಣುವಿನ ಚಕ್ರವನ್ನೂ ಹಿಮವಂತನ ಸಿಂಹವನ್ನೂ ಪಡೆದು ಹೊರಟವಳು, ಯುದ್ಧದ ನಡುವೆ ‘ನಾನು ಮಧು ಕುಡಿಯುವ ತನಕ ಗರ್ಜಿಸು ಮೂಢಾ, ಗರ್ಜಿಸು’ ಎನ್ನುತ್ತಾಳೆ. ಆ ಮಾತಿನಲ್ಲಿ ಕಿಂಚಿತ್ತೂ ಅವಸರವಿಲ್ಲ. ವಧೆಯಾದ ಮೇಲೆ, 4ನೆಯ ಅಧ್ಯಾಯದಲ್ಲಿ, ಇಂದ್ರಾದಿಗಳು ಸ್ತುತಿಸುತ್ತಾರೆ. ನೋಟಮಾತ್ರದಿಂದ ಅಸುರರನ್ನು ಬೂದಿಮಾಡಬಲ್ಲ ನೀನು ಶಸ್ತ್ರವನ್ನೇಕೆ ಪ್ರಯೋಗಿಸಿದೆ ಎಂದು ಕೇಳಿ, ಶಸ್ತ್ರದಿಂದ ಪವಿತ್ರರಾಗಿ ವೈರಿಗಳೂ ಸದ್ಗತಿಯನ್ನು ಪಡೆಯಲಿ ಎಂಬುದೇ ನಿನ್ನ ಬುದ್ಧಿ ಎಂದು ತಾವೇ ಉತ್ತರಿಸುತ್ತಾರೆ. ‘ಚಿತ್ತೇ ಕೃಪಾ ಸಮರನಿಷ್ಠುರತಾ ಚ ದೃಷ್ಟಾ’ (ಮನಸ್ಸಿನಲ್ಲಿ ಕೃಪೆ, ಯುದ್ಧದಲ್ಲಿ ನಿಷ್ಠುರತೆ, ಎರಡೂ ನಿನ್ನಲ್ಲಿ ಕಂಡವು) ಎಂಬ ಸಾಲೂ ಅಲ್ಲಿಯದೇ. ವರ್ಷ ವರ್ಷ ಬಾಯಿಪಾಠದಲ್ಲಿ ಉರುಳಿಹೋಗುತ್ತಿದ್ದ ಈ ಸಾಲು, ದೇವಿಯ ತ್ರಿಶೂಲದ ಕೆಳಗೆ ಮಹಿಷ ಒರಗಿದ್ದನ್ನು ನೋಡುತ್ತಿದ್ದಾಗ ಗಂಟಲಲ್ಲಿ ಸಿಕ್ಕಿಕೊಂಡಿತು. ನನ್ನ ಹರಕೆಯಲ್ಲಿ ನಿಷ್ಠುರತೆ ಬೇಕಾದಷ್ಟಿತ್ತು, ಕೃಪೆ ಬಾಯಿಮಾತಿನದಾಗಿತ್ತು.

ಎದ್ದು ಚೌಕಿಯ ಕಡೆಗೆ ಹೋದೆ. ಮಹಿಷನ ವೇಷದವರು ಕೊಂಬು ಕಿರೀಟಗಳನ್ನು ಬಿಚ್ಚಿಟ್ಟು ತೆಂಗಿನೆಣ್ಣೆಯಿಂದ ಮುಖ ಉಜ್ಜಿಕೊಳ್ಳುತ್ತಿದ್ದರು. ಅರ್ಧ ಬಣ್ಣವಷ್ಟೇ ಇಳಿದಿತ್ತು. ಅಲ್ಲಿ ಮೇಳದ ದೇವರ ಮುಂದೆ, ಸಂಬಂಧದಲ್ಲಿ ನನಗೆ ದೊಡ್ಡಮ್ಮನಾಗಬೇಕಾದ ಆ ದಾಯಾದಿಯ ತಾಯಿ ಪ್ರಸಾದಕ್ಕಾಗಿ ಕಾದು ನಿಂತಿದ್ದರು. ನಾನು ಕರೆದಿರಲಿಲ್ಲ, ಆದರೂ ಆಟಕ್ಕೆ ಬಂದಿದ್ದರು. ವ್ಯಾಜ್ಯ ಇಂದಿಗೂ ಮುಗಿದಿಲ್ಲ. ಅಂದು ಮಾತ್ರ, ‘ಮೊದಲು ದೊಡ್ಡಮ್ಮನಿಗೆ ಕೊಡಿ’ ಎಂದೆ. ಅವರು ಮಾತನಾಡದೆ ಮಲ್ಲಿಗೆಯನ್ನು ಕಣ್ಣಿಗೊತ್ತಿಕೊಂಡರು. ಹೊರಗೆ ಶುಂಭ ನಿಶುಂಭರ ಕಥೆಗೆ ಚೆಂಡೆ ಮತ್ತೆ ಮೊದಲಾಗಿತ್ತು.