ಕೊನೆಯ ಹತ್ತು ನಿಮಿಷದ ಖಾಲಿ ಹಾಳೆ

ನಮ್ಮ ವಿಜ್ಞಾನದ ಮೇಷ್ಟ್ರು ಪೀರಿಯಡ್ ಮುಗಿಯೋಕೆ ಹತ್ತು ನಿಮಿಷ ಇರುವಾಗ ಸೀಮೆಸುಣ್ಣ ಕೆಳಗಿಟ್ಟು ಕೈ ಕೊಡವಿಕೊಳ್ಳುತ್ತಿದ್ದರು. ಆಮೇಲೆ ಒಂದೇ ಮಾತು: "ಪುಸ್ತಕ ಮುಚ್ಚಿ, ಹಾಳೆ ತೆಗೀರಿ." ಅವತ್ತಿನ ಪಾಠದಲ್ಲಿ ಏನು ನೆನಪಿದೆಯೋ ಅಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಬೇಕು. ಅದಕ್ಕೆ ಅಂಕ ಇರಲಿಲ್ಲ, ಬೈಗುಳವೂ ಇರಲಿಲ್ಲ. ನಾವು ಬರೆದದ್ದು ಎಲ್ಲಿ ನಿಂತುಹೋಗಿದೆಯೋ ಅಲ್ಲಿ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ ಎಳೆದು ಹಾಳೆ ವಾಪಸ್ ಕೊಡುತ್ತಿದ್ದರು, ಅಷ್ಟೇ.

ಒಂದು ಹಾಳೆ ನನಗೆ ಚೆನ್ನಾಗಿ ನೆನಪಿದೆ. ಅವತ್ತು ಪೀನ ಮಸೂರದ ಪಾಠ. ಮಸೂರ ಬರೆದೆ, ಅಕ್ಷ ಎಳೆದೆ, ಅಕ್ಷಕ್ಕೆ ಸಮಾಂತರವಾಗಿ ಬಂದು ಸಂಗಮಬಿಂದುವಿನಲ್ಲಿ ಹಾದುಹೋಗುವ ಕಿರಣವನ್ನೂ ಎಳೆದೆ. ಎರಡನೇ ಕಿರಣ ಎಲ್ಲಿಂದ ಎಲ್ಲಿಗೆ ಅಂತ ಹೊಳೆಯಲಿಲ್ಲ. ಪೆನ್ಸಿಲ್ ಹಿಡಿದುಕೊಂಡು ಸುಮ್ನೆ ಕೂತಿದ್ದೆ. ಮೇಷ್ಟ್ರು ಪಕ್ಕಕ್ಕೆ ಬಂದು ಗೆರೆ ಎಳೆದು, "ಇಲ್ಲಿ ನಿಂತೆ. ನಾಳೆ ಇಲ್ಲಿಂದ ಕೇಳು" ಅಂದರು. ಮಸೂರದ ನಡುವಿನಿಂದ ದಿಕ್ಕು ಬದಲಿಸದೆ ನೇರ ಹೋಗುವ ಆ ಎರಡನೇ ಕಿರಣವನ್ನು ನಾನು ಇವತ್ತಿಗೂ ಮರೆತಿಲ್ಲ. ಅವತ್ತು ಸರಿಯಾಗಿ ಬರೆದ ಮೊದಲನೆಯದನ್ನೇ ಒಂದೊಂದು ಸಲ ಯೋಚಿಸಬೇಕಾಗುತ್ತದೆ.

ಆ ಹತ್ತು ನಿಮಿಷ ನಮಗೆ ಯಾರಿಗೂ ಇಷ್ಟ ಇರಲಿಲ್ಲ. ಅದರ ಬೆಲೆ ನನಗೆ ತಿಳಿದದ್ದು ಕಾಲೇಜಿಗೆ ಸೇರಿ ಮೂರು ತಿಂಗಳಾದ ಮೇಲೆ. ಶಾಲೆಯ ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಮೊದಲು ನೆನಪಾದದ್ದೂ ಅದೇ. ಈ ವರ್ಷ ಇಲ್ಲಿಂದ ಹೊರಡುವ ತಮ್ಮ ತಂಗಿಯರಿಗೆ ಅದನ್ನೇ ಹೇಳಬೇಕು ಅನ್ನಿಸಿತು.

ಹೈಸ್ಕೂಲಿನಲ್ಲಿ ಎಷ್ಟು ಜನ ನಮ್ಮನ್ನು ಹಿಂದಿನಿಂದ ತಳ್ಳುತ್ತಿರುತ್ತಾರೆ ಅನ್ನೋದು ಅಲ್ಲಿರುವಷ್ಟು ದಿನ ಕಾಣಿಸುವುದಿಲ್ಲ. ಹೋಮ್‌ವರ್ಕ್ ತಂದಿಲ್ಲ ಅಂದರೆ ಒಬ್ಬರು ಕೇಳುತ್ತಾರೆ. ಟೆಸ್ಟ್ ಯಾವಾಗ ಅಂತ ಮೂರು ಸಲ ಹೇಳುತ್ತಾರೆ. ಎರಡು ದಿನ ಬರದಿದ್ದರೆ ಮನೆಗೆ ಫೋನ್ ಹೋಗುತ್ತದೆ. ಬೆಳಿಗ್ಗೆ ಎಬ್ಬಿಸೋಕೆ ಅಮ್ಮ ಇರುತ್ತಾರೆ. ಕಾಲೇಜಿನಲ್ಲಿ ಇದೆಲ್ಲ ಒಂದೇ ದಿನ ನಿಂತುಹೋಗುತ್ತದೆ. ಯಾರೂ ಕೆಟ್ಟವರಲ್ಲ. ಇನ್ನು ಮುಂದೆ ಅದು ನಿಮ್ಮ ಕೆಲಸ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ನಿಮಗೆ ಮಾತ್ರ ಯಾರೂ ಹೇಳಿರುವುದಿಲ್ಲ.

ನನಗೆ ಮೊದಲ ದಿನ ಒಂದು ಹಾಳೆ ಕೊಟ್ಟರು. ಯಾವ ವಾರ ಯಾವ ಪಾಠ, ಟೆಸ್ಟ್ ಯಾವಾಗ, ಪ್ರಾಜೆಕ್ಟ್ ಕೊಡುವ ಕೊನೇ ದಿನ ಯಾವುದು ಎಲ್ಲ ಅದರಲ್ಲಿತ್ತು. ನಾನು ಅದನ್ನು ನಾಲ್ಕಾಗಿ ಮಡಚಿ ಬ್ಯಾಗಿನ ಒಳಜೇಬಿಗೆ ಹಾಕಿದೆ. ಮತ್ತೆ ತೆಗೆದದ್ದು ಮೊದಲ ಟೆಸ್ಟಿನ ಹಿಂದಿನ ದಿನ, ಪಕ್ಕದವನು "ನಾಳೆ ಎಷ್ಟು ಗಂಟೆಗೆ?" ಅಂತ ಕೇಳಿದಾಗ. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿಹೋಗಿತ್ತು.

ಆ ರಾತ್ರಿ ಪಾಠವನ್ನು ನಾಲ್ಕು ಸಲ ಓದಿದೆ. ಮುಖ್ಯ ಅನ್ನಿಸಿದ ಸಾಲುಗಳಿಗೆಲ್ಲ ಹಳದಿ ಬಣ್ಣ ಹಚ್ಚಿದೆ. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತಿತ್ತು. ಪ್ರಶ್ನೆಪತ್ರಿಕೆ ಮುಂದೆ ಕೂತಾಗ ಉತ್ತರ ಬರಲಿಲ್ಲ. ಅದು ಪುಸ್ತಕದ ಎಡಗಡೆ ಪುಟದಲ್ಲಿ, ಕೆಳಗಡೆ ಮೂಲೆಯಲ್ಲಿ, ಹಳದಿ ಬಣ್ಣದಲ್ಲಿದೆ ಅನ್ನೋದು ಮಾತ್ರ ಚೆನ್ನಾಗಿ ನೆನಪಾಯಿತು. ಅರ್ಧದಷ್ಟು ಅಂಕವೂ ಬರಲಿಲ್ಲ. ಶಾಲೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ನಾನು. ಆ ಉತ್ತರಪತ್ರಿಕೆಯನ್ನು ಮನೆಯಲ್ಲಿ ತೋರಿಸಲು ಹದಿನೈದು ದಿನ ಬೇಕಾಯಿತು. ಆ ಹದಿನೈದು ದಿನ ಅನುಭವಿಸಿದ ಭಾರ ಅಂಕದ್ದಲ್ಲ, ಮುಚ್ಚಿಟ್ಟದ್ದರದ್ದು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಅವತ್ತೇ ಹೇಳಿಬಿಡಿ.

ಆಗ ಮೇಷ್ಟ್ರ ಹಾಳೆ ನೆನಪಾಯಿತು. ಅವರು ಯಾಕೆ ಹಾಗೆ ಮಾಡಿಸುತ್ತಿದ್ದರು ಅಂತ ಆಮೇಲೆ ಹುಡುಕಿ ಓದಿದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಪದಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪುಸ್ತಕ ಬರೆದರು. ಒಂದು ದಿನ ಕಳೆಯುವಷ್ಟರಲ್ಲಿ ಉಳಿದದ್ದು ಸುಮಾರು ಮೂರನೇ ಒಂದು ಭಾಗ. ಪಾಠಕ್ಕೆ ಅರ್ಥ ಇರುತ್ತದೆ, ಅಷ್ಟು ಬೇಗ ಹೋಗುವುದಿಲ್ಲ. ಆದರೂ ಮರೆವು ಮೊದಲ ದಿನವೇ ಜಾಸ್ತಿ ಕೆಲಸ ಮಾಡುತ್ತದೆ ಅನ್ನೋದು ನಿಜ.

2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಮಾಡಿದ ಪ್ರಯೋಗ ನನಗೆ ಇನ್ನೂ ಹತ್ತಿರದ್ದು ಅನ್ನಿಸಿತು. ಕಾಲೇಜು ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಒಂದು ಬರಹವನ್ನು ನಾಲ್ಕು ಸರದಿಯಲ್ಲೂ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಬರೆದವರಿಗೆ ಶೇಕಡಾ 61ರಷ್ಟು ನೆನಪಿತ್ತು, ಓದಿದವರಿಗೆ ಶೇಕಡಾ 40. ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಎಲ್ಲ ಗೊತ್ತು ಅನ್ನಿಸಿದ್ದು ಆ ಐದು ನಿಮಿಷದ ನೆನಪು, ಅಲ್ವಾ? ಮೇಷ್ಟ್ರು ಈ ಪ್ರಯೋಗದ ಬಗ್ಗೆ ಎಂದೂ ಹೇಳಿದ್ದಿಲ್ಲ. ವರ್ಷಗಟ್ಟಲೆ ಪಾಠ ಮಾಡಿ ಮಕ್ಕಳನ್ನು ನೋಡಿದವರಿಗೆ ಅದು ತಾನಾಗಿ ತಿಳಿದಿತ್ತೇನೋ.

ಹಾಗಾಗಿ ನನ್ನ ಮೊದಲ ಮಾತು, ಬಣ್ಣದ ಪೆನ್ನು ಪಕ್ಕಕ್ಕಿಡಿ. ಕ್ಲಾಸು ಮುಗಿದ ದಿನವೇ ಪುಸ್ತಕ ಮುಚ್ಚಿ ಹತ್ತು ನಿಮಿಷ ಬರೆಯಿರಿ. ಎರಡು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಹೈಸ್ಕೂಲಿನಲ್ಲಿ ಎರಡು ವಾರ ನಡೆಯುವಷ್ಟು ಪಾಠ ಕಾಲೇಜಿನಲ್ಲಿ ಎರಡು ಮೂರು ಕ್ಲಾಸಿನಲ್ಲಿ ಮುಗಿಯುತ್ತದೆ. ಕೊನೆಗೆ ನೋಡಿಕೊಳ್ಳೋಣ ಅಂತ ಬಿಟ್ಟರೆ ಕೊನೆಗೆ ಉಳಿಯುವುದು ಬೆಟ್ಟದಷ್ಟು.

ಸಮಯ ಎಲ್ಲಿದೆ ಅಂತ ಕೇಳಬಹುದು. ಕ್ಲಾಸಿನ ಒಂದು ಗಂಟೆಗೆ ಹೊರಗಡೆ ಎರಡು ಗಂಟೆ ಓದು ಅನ್ನೋದು ಕಾಲೇಜುಗಳಲ್ಲಿ ಹೇಳುವ ಹಳೆಯ ಲೆಕ್ಕ. ವಾರಕ್ಕೆ 15 ಗಂಟೆ ಕ್ಲಾಸಿದ್ದರೆ ಓದಿಗೆ 30, ಒಟ್ಟು 45. ವಾರಕ್ಕೆ 168 ಗಂಟೆ. ನಿದ್ದೆಗೆ ದಿನಕ್ಕೆ 8ರಂತೆ 56 ತೆಗೆದರೂ 67 ಗಂಟೆ ಕೈಯಲ್ಲಿ ಉಳಿಯುತ್ತದೆ. ಸಮಯ ಇದೆ, ಆದರೆ ಚೂರುಚೂರಾಗಿ ಬಿದ್ದಿರುತ್ತದೆ. ಎರಡು ಕ್ಲಾಸಿನ ನಡುವೆ ಒಂದು ಗಂಟೆ, ಸಂಜೆ ಅರ್ಧ ಗಂಟೆ, ಹೀಗೆ. ಶಾಲೆಯಲ್ಲಿ ಗಂಟೆ ಹೊಡೆದು ಅದನ್ನು ಜೋಡಿಸಿಕೊಡುತ್ತಿದ್ದರು. ಇನ್ನು ನೀವೇ ಜೋಡಿಸಬೇಕು. ಮೊದಲ ದಿನ ಕೊಡುವ ಹಾಳೆಯನ್ನು ಮಡಚಬೇಡಿ. ಎಲ್ಲ ವಿಷಯಗಳ ತಾರೀಖನ್ನೂ ಒಂದೇ ದೊಡ್ಡ ಹಾಳೆಯಲ್ಲಿ ಬರೆದು ಹಾಸಿಗೆ ಎದುರಿನ ಗೋಡೆಗೆ ಅಂಟಿಸಿ. ಯಾವ ವಾರ ಮೂರು ಟೆಸ್ಟ್ ಒಟ್ಟಿಗೆ ಬರುತ್ತದೆ ಅಂತ ಆಗಲೇ ಕಾಣುತ್ತದೆ. ನಿದ್ದೆಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾತಜ್ಞರೇ ಹೇಳುತ್ತಾರೆ. ಓದಿದ್ದು ಗಟ್ಟಿಯಾಗುವುದಕ್ಕೂ ನಿದ್ದೆ ಬೇಕು.

ಕೇಳುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಎಡವಿದ್ದು ಅಲ್ಲೇ. ದೊಡ್ಡ ಕ್ಲಾಸಿನಲ್ಲಿ ಕೈ ಎತ್ತೋಕೆ ಭಯ. ಎಲ್ಲರಿಗೂ ಅರ್ಥವಾಗಿದೆ, ನನಗೊಬ್ಬನಿಗೇ ಆಗಿಲ್ಲ ಅನ್ನಿಸುತ್ತದೆ. ಟೆಸ್ಟ್ ಆದ ಮೇಲೆ ಧೈರ್ಯ ಮಾಡಿ ಒಬ್ಬ ಮೇಡಂ ಹತ್ತಿರ ಹೋದೆ. ಬಾಗಿಲ ಹೊರಗೆ ಹತ್ತು ನಿಮಿಷ ನಿಂತಿದ್ದೆ. ಒಳಗೆ ಹೋಗಿ "ಮೇಡಂ, ಈ ಪಾಠ ಏನೂ ಅರ್ಥ ಆಗ್ಲಿಲ್ಲ" ಅಂದೆ. ಅವರು ಕುರ್ಚಿ ತೋರಿಸಿ, "ಏನೂ ಅಂದ್ರೆ ನಾನು ಎಲ್ಲಿಂದ ಶುರು ಮಾಡಲಿ? ಎಲ್ಲಿವರೆಗೆ ಬಂತು, ಅದನ್ನ ತೋರಿಸು" ಅಂದರು. ನನ್ನ ಹತ್ತಿರ ತೋರಿಸೋಕೆ ಏನೂ ಇರಲಿಲ್ಲ. ಮರುದಿನ ಹಾಳೆ ಹಿಡಿದುಕೊಂಡು ಹೋದೆ. ಲೆಕ್ಕ ನಾಲ್ಕನೇ ಸಾಲಿನಲ್ಲಿ ನಿಂತಿತ್ತು. ನಾನೇ ಅಲ್ಲಿ ಕೆಂಪು ಗೆರೆ ಎಳೆದಿದ್ದೆ. ಮೇಡಂಗೆ ಎರಡು ನಿಮಿಷ ಸಾಕಾಯಿತು. ಕಾಲೇಜಿನ ಪಾಠವೇ ಅಲ್ಲ, ನನಗೆ ತೊಡಕಾಗಿದ್ದು ಹೈಸ್ಕೂಲಿನ ತ್ರಿಕೋನಮಿತಿ.

ಅಧ್ಯಾಪಕರು ಭೇಟಿಗೆ ಸಮಯ ಕೊಟ್ಟಿದ್ದರೆ ಆ ಸಮಯಕ್ಕೆ ಹೋಗಿ. ಹೆಸರು ಹೇಳಿ, ಯಾವ ಕ್ಲಾಸು ಹೇಳಿ, ನಿಂತ ಜಾಗ ತೋರಿಸಿ. ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಅನ್ನೋ ಭಯ ನನ್ನ ಒಂದು ವರ್ಷವನ್ನೇ ತಿನ್ನುವುದರಲ್ಲಿತ್ತು. ನಿಂತ ಜಾಗ ತೋರಿಸಿದವರನ್ನು ಯಾವ ಒಳ್ಳೆಯ ಗುರುವೂ ದಡ್ಡ ಅಂದದ್ದನ್ನು ನಾನು ನೋಡಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಗೆಳೆಯ ತೆಗೆದುಕೊಂಡ ಅಂತ ವಿಷಯ ತೆಗೆದುಕೊಳ್ಳಬೇಡಿ. ಗೆಳೆತನ ಬೇರೆ ಕ್ಲಾಸಿನಲ್ಲಿ ಕೂತರೂ ಉಳಿಯುತ್ತದೆ. ಈಗಿನಿಂದಲೇ ಅಲಾರಂ ಇಟ್ಟು ನೀವೇ ಏಳಿ, ನಿಮ್ಮ ಬಟ್ಟೆ ನೀವೇ ಒಗೆಯಿರಿ, ಅರ್ಜಿ ನೀವೇ ತುಂಬಿ, ಅಪ್ಪ ಪಕ್ಕದಲ್ಲಿ ಕೂತು ನೋಡಲಿ ಸಾಕು. ಮೊದಲ ಕೆಲವು ವಾರ ಒಂಟಿ ಅನ್ನಿಸುತ್ತದೆ. ನಿಮ್ಮ ಪಕ್ಕ ಕೂತವರಿಗೂ ಹಾಗೇ ಅನ್ನಿಸುತ್ತಿರುತ್ತದೆ, ಹೆಸರು ಕೇಳಿ ಮಾತಾಡಿಸಿ. ವಾರಗಟ್ಟಲೆ ಊಟ ನಿದ್ದೆ ಸೇರದಷ್ಟು ಬೇಸರವಿದ್ದರೆ ಒಬ್ಬರೇ ಇಟ್ಟುಕೊಳ್ಳಬೇಡಿ, ಮನೆಯವರಿಗೆ ಹೇಳಿ, ಕಾಲೇಜಿನಲ್ಲಿ ಆಪ್ತಸಮಾಲೋಚಕರಿದ್ದರೆ ಹೋಗಿ ಕಾಣಿ.

ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ತನಕ ರಜೆ ಸಿಗುತ್ತದಲ್ಲ, ಚೆನ್ನಾಗಿ ಆಟವಾಡಿ. ಆದರೆ ಶಾಲೆಯ ಪುಸ್ತಕಗಳನ್ನು ಮಾತ್ರ ಯಾರಿಗೂ ಕೊಡಬೇಡಿ. ಯಾವ ಪಾಠ ಕಂಡರೆ ನಿಮಗೆ ಆಗುತ್ತಿರಲಿಲ್ಲವೋ ಅದನ್ನು ಒಂದು ದಿನ ಖಾಲಿ ಹಾಳೆಯ ಮೇಲೆ ಬರೆದು ನೋಡಿ, ಎಲ್ಲಿ ನಿಲ್ಲುತ್ತೀರಿ ಅಂತ. ನಾನು ಅದನ್ನು ರಜೆಯಲ್ಲಿ ಮಾಡಲಿಲ್ಲ. ಮೇಡಂ ಹೇಳಿದ ಮೇಲೆ ಮನೆಗೆ ಹೋಗಿ ಹೈಸ್ಕೂಲಿನ ಗಣಿತ ಪುಸ್ತಕ ಹಾಸ್ಟೆಲಿಗೆ ತಂದೆ. ಯಾರಾದರೂ ನೋಡಿಯಾರು ಅಂತ ನಾಚಿಕೆಯಿಂದ ಅದಕ್ಕೆ ನ್ಯೂಸ್‌ಪೇಪರಿನ ರಟ್ಟು ಹಾಕಿದೆ. ಎರಡನೇ ರಾತ್ರಿಯೇ ನನ್ನ ರೂಮ್‌ಮೇಟ್ ಹೆಗಲ ಮೇಲಿಂದ ಬಗ್ಗಿ ನೋಡಿದ. ನಾನು ಪುಸ್ತಕ ಮುಚ್ಚುವಷ್ಟರಲ್ಲಿ, "ಮುಗಿದ ಮೇಲೆ ನಂಗೂ ಕೊಡ್ತೀಯಾ?" ಅಂದ. ಅವನಿಂದ ಅದು ಪಕ್ಕದ ರೂಮಿಗೆ ಹೋಯಿತು, ಅಲ್ಲಿಂದ ಇನ್ನೊಂದು ರೂಮಿಗೆ. ವರ್ಷದ ಕೊನೆಗೆ ವಾಪಸ್ ಬಂದಾಗ ಪೇಪರಿನ ರಟ್ಟು ಹರಿದುಹೋಗಿತ್ತು. ತ್ರಿಕೋನಮಿತಿಯ ಪುಟಗಳ ಅಂಚಿನಲ್ಲಿ ನಾಲ್ಕು ಜನರ ಕೈಬರಹ ಇತ್ತು.